ಸೋತವರೇ ಪೆನ್ನು ಹಿಡಿಯಬೇಕು

ಡಾರ್ಟ್ಸ್ ಆಟದಲ್ಲಿ ಸೋತವನಿಗೆ ಸೋಲಿನ ದುಃಖ ಸಾಲದು ಎಂದು ಮೇಲೊಂದು ಕೆಲಸವನ್ನೂ ಅಂಟಿಸುತ್ತಾರೆ. ಸೋತವನು ಮುಖ ಮುಚ್ಚಿಕೊಂಡು ಮನೆಗೆ ಹೋಗುವಂತಿಲ್ಲ. ಅದೇ ಬೋರ್ಡಿನ ಪಕ್ಕ ನಿಂತು ಮುಂದಿನ ಇಬ್ಬರ ಆಟಕ್ಕೆ ಅಂಕ ಬರೆಯಬೇಕು. ಆಟ ಐನೂರ ಒಂದರಿಂದ ಶುರು. ಮೂರು ಮೂರು ಡಾರ್ಟ್ ಎಸೆದಂತೆಲ್ಲ ಬಂದ ಅಂಕ ಕಳೆಯುತ್ತ ಕಳೆಯುತ್ತ ಸರಿಯಾಗಿ ಸೊನ್ನೆಗೆ ಇಳಿಯಬೇಕು, ಕೊನೆಯ ಡಾರ್ಟು ಅಂಕ ಎರಡರಷ್ಟಾಗುವ ಹೊರಅಂಚಿನ ಸಣ್ಣ ಡಬಲ್ ಪಟ್ಟಿಗೇ ಬೀಳಬೇಕು. ಎಸೆಯುವ ಸುಖ ಆಡುವವನದು, ಕಳೆಯುವ ಕರ್ಮ ಸೋತವನದು. ಅವನು ಅಲ್ಲಾಡಬಾರದು, ಹಿಂದೆ ತಿರುಗಬಾರದು, ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಹೊಟ್ಟೆ ಉರಿಯುತ್ತಿರುವವನ ಕೈಗೆ ಪೆನ್ನು ಕೊಟ್ಟು ಲೆಕ್ಕ ಮಾಡಿಸುವ ಈ ಪದ್ಧತಿ ತಂದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನು ಜನ್ಮದಲ್ಲಿ ಒಂದು ಆಟವನ್ನೂ ಸೋತಿರಲಾರ.

ವಿಗನ್ ಊರಿನ ನಾರ್ಮನ್ ಪಿಲ್ಲಿಂಗ್ ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದ್ದ. ಪ್ರತಿ ಮಾರ್ಚಿನಲ್ಲಿ ಒಂದು ಶನಿವಾರ ಅಲ್ಲಿನ ಕ್ರೀಡಾ ಸಭಾಂಗಣದಲ್ಲಿ ದೊಡ್ಡ ಟೂರ್ನಿಯ ಅರ್ಹತಾ ಸುತ್ತು ನಡೆಯುತ್ತದೆ. ಯಾರು ಬೇಕಾದರೂ ಹೆಸರು ಕೊಡಬಹುದು. ಬೆಳಿಗ್ಗೆ ನೂರ ಇಪ್ಪತ್ತೆಂಟು ಜನ ಎದೆ ಉಬ್ಬಿಸಿಕೊಂಡು ಬರುತ್ತಾರೆ. ಒಂದು ಸಲ ಸೋತರೆ ಮುಗಿಯಿತು. ಸತತ ಐದು ಆಟ ಗೆದ್ದ ನಾಲ್ವರಿಗೆ ಮಾತ್ರ ಟಿವಿಯಲ್ಲಿ ಬರುವ ವೇದಿಕೆ, ಹೆಸರು ಕೂಗುವವನು, ಹಾಡು, ಬಣ್ಣದ ದೀಪ. ಹತ್ತೊಂಬತ್ತು ವರ್ಷವೂ ನಾರ್ಮನ್ ಮೊದಲ ಆಟದಲ್ಲೇ ಸೋತು, ಹತ್ತೂವರೆಯ ಹೊತ್ತಿಗೆಲ್ಲ ಪೆನ್ನು ಹಿಡಿದು ನಿಂತಿರುತ್ತಿದ್ದ.

ನಿಯಮದ ಪ್ರಕಾರ ಒಂದು ಆಟ ಬರೆದರೆ ಸಾಕು. ಆದರೆ ನಾರ್ಮನ್ ಬರೆಯುವುದನ್ನು ಒಮ್ಮೆ ನೋಡಿದವರು ಅವನನ್ನು ಬಿಡುತ್ತಿರಲಿಲ್ಲ. ಮೂರನೆಯ ಡಾರ್ಟು ನಾಟುವ ಮೊದಲೇ ಉಳಿದ ಅಂಕ ಬಿಳಿ ಹಲಗೆಯ ಮೇಲೆ ಇರುತ್ತಿತ್ತು, ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಅವನ ಕಸುಬು ಮನೆಗಳಿಗೆ ಕಾರ್ಪೆಟ್ ಹಾಸುವುದು. ಮೂಲೆಯಲ್ಲಿ ಕಾಲಂಗುಲ ಹೆಚ್ಚಿದ್ದರೂ ಅವನಿಗೆ ಅನ್ನ ಸೇರದು. ಒಮ್ಮೆ ಯಾರದೋ ಮನೆಯ ಸೋಫಾ ಕೆಳಗೆ ಸಣ್ಣ ಸುಕ್ಕು ಬಿಟ್ಟುಬಂದೆನೆಂದು ನೆನಪಾಗಿ, ಆರು ತಿಂಗಳ ಮೇಲೆ ಹೋಗಿ ಬಾಗಿಲು ತಟ್ಟಿದ್ದ. ಇಂಥವನು ಸಿಕ್ಕರೆ ಯಾವ ಟೂರ್ನಿ ಬಿಟ್ಟೀತು? ‘ಇನ್ನೊಂದು ಆಟ ಬರೆದುಕೊಡು ನಾರ್ಮನ್’ ಎನ್ನುತ್ತ ಎನ್ನುತ್ತ ಸಂಜೆ ಐದು ಮಾಡುತ್ತಿದ್ದರು.

ಅವನ ಹೆಂಡತಿ ಗ್ಲೆನಿಸ್ ಅಷ್ಟೂ ವರ್ಷ ಜೊತೆಗೆ ಬಂದು ಒಂದು ಮೇಜಿನ ಮುಂದೆ ಕುಳಿತು ಸ್ವೆಟರ್ ಹೆಣೆದಳು. ಕೇಳಿದವರಿಗೆಲ್ಲ, ‘ನನಗೆ ಈ ಆಟದ ತಲೆಬುಡ ತಿಳಿಯಲ್ಲಪ್ಪ’ ಎನ್ನುತ್ತಿದ್ದಳು. ಈ ವರ್ಷ ಜನವರಿಯಲ್ಲಿ ಮಾತ್ರ ಅವಳ ತಾಳ್ಮೆಯ ಕಟ್ಟೆ ಒಡೆಯಿತು.

‘ನಿಂಗೆ ಅರವತ್ತಾಗ್ತಾ ಬಂತು. ವಾರಪೂರ್ತಿ ಮಂಡಿ ಊರಿ ಕಾರ್ಪೆಟ್ ಹಾಸ್ತೀಯ, ಶನಿವಾರ ಬಂದ್ರೆ ಡಾರ್ಟ್ಸ್ ಅಭ್ಯಾಸ, ಇಲ್ಲಾಂದ್ರೆ ನಿಂತ್ಕೊಂಡು ಲೆಕ್ಕ ಬರೀತೀಯ. ನನ್ ಪಾಲಿಗೆ ಉಳಿಯೋದು ಏನು? ನಿನ್ ಗೊರಕೆ!’

‘ಇದೊಂದೇ ಒಂದು ಸಲ ಕಣೇ,’ ಎಂದ ನಾರ್ಮನ್. ‘ನಾಲ್ಕು ಜನದಲ್ಲಿ ಒಬ್ಬ ಆಗ್ಲಿಲ್ಲ ಅಂದ್ರೆ ಡಾರ್ಟ್ಸು ಬಿಟ್ಟೆ. ನಾನಾಗೇ ತಗೊಂಡ್ಹೋಗಿ ಯಾರಿಗಾದ್ರೂ ಕೊಟ್ಬಿಡ್ತೀನಿ. ಆಮೇಲೆ ಶನಿವಾರ ಎಲ್ಲಾ ನಿಂದೇ.’

‘ಮಾತು ತಪ್ಪಲ್ಲ ತಾನೇ?’

‘ನಾನು ಯಾವಾಗ ತಪ್ಪಿದೀನಿ?’

ತಪ್ಪಿರಲಿಲ್ಲ. ಅದೇ ಅವನಿಗೆ ಹೆದರಿಕೆ. ಇಪ್ಪತ್ತಾರು ಗ್ರಾಂ ತೂಗುವ ಮೂರು ಡಾರ್ಟುಗಳನ್ನು ಮಾರ್ಚಿನಲ್ಲಿ ಟೂರ್ನಿಯ ವಾರವೆಲ್ಲ ಅವನು ಜೇಬಿನಲ್ಲಿ ಇಟ್ಟುಕೊಂಡೇ ತಿರುಗಿದ.

ಆ ಶನಿವಾರ ಮೊದಲ ಆಟದಲ್ಲಿ ಅವನಿಗೆ ಸಿಕ್ಕಿದ್ದು ಬೋಲ್ಟನ್ನಿನ ಒಬ್ಬ ಅಂಚೆಯವನು. ಪಾಪ, ಅವನಿಗೆ ಮೂಗು ಕಟ್ಟಿತ್ತು. ಮುಖ್ಯವಾದ ಹೊತ್ತಿಗೆಲ್ಲ ಒಂದು ಸೀನು ಬಂದು ಡಾರ್ಟು ಗೋಡೆಯ ಕಡೆ ಹೋಗುತ್ತಿತ್ತು. ನಾರ್ಮನ್ ಗೆದ್ದುಬಿಟ್ಟ. ಗೆದ್ದದ್ದು ಅವನ ತಲೆಗೆ ಗೊತ್ತಾಯಿತು, ಕೈಗೆ ಗೊತ್ತಾಗಲಿಲ್ಲ. ಸೀದಾ ಹೋಗಿ ಪೆನ್ನು ಎತ್ತಿಕೊಂಡ.

‘ಕೊಡಿ ಇಲ್ಲಿ, ಅದು ನಂದು,’ ಎಂದ ಅಂಚೆಯವನು ಮೂಗು ಒರೆಸಿಕೊಳ್ಳುತ್ತ. ‘ಸೋತಿರೋದು ನಾನು.’

‘ಹೌದಲ್ವಾ!’ ಎಂದ ನಾರ್ಮನ್. ಆದರೂ ಪೆನ್ನು ಬಿಡಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಹಿಡಿದು ಎಳೆದಾಡಿದರು. ಕೊನೆಗೆ ಬೋರ್ಡಿನ ಬಳಿ ಕಾದಿದ್ದ ಇನ್ನಿಬ್ಬರು ನಾರ್ಮನ್ನನ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಎರಡನೆಯ ಆಟವನ್ನೂ ಗೆದ್ದ. ಅಲ್ಲಿಂದ ಟೂರ್ನಿ ಹಳ್ಳ ಹಿಡಿಯಿತು. ಹತ್ತೊಂಬತ್ತು ವರ್ಷ ಕಷ್ಟದ ಬೋರ್ಡುಗಳಿಗೆಲ್ಲ ನಾರ್ಮನ್ನನನ್ನು ಓಡಿಸಿ ಅಭ್ಯಾಸವಾದವರಿಗೆ ಬೇರೆಯವರ ಲೆಕ್ಕ ಎಂಥದ್ದು ಎಂದೇ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಆರನೆಯ ಬೋರ್ಡಿನಲ್ಲಿ ಒಬ್ಬ ಮಹಾಶಯ ಇಡೀ ಒಂದು ಆಟ ಇವನ ಅಂಕವನ್ನು ಅವನ ಲೆಕ್ಕದಲ್ಲಿ, ಅವನದನ್ನು ಇವನ ಲೆಕ್ಕದಲ್ಲಿ ಕಳೆದಿದ್ದ. ಒಂಬತ್ತನೆಯದರಲ್ಲಿ ಕಳೆಯುವ ಬದಲು ಕೂಡಿಸುತ್ತ ಹೋಗಿ, ಆಡುವವರಿಬ್ಬರೂ ಆರುನೂರು ದಾಟಿದ್ದರು. ಹನ್ನೆರಡನೆಯದರಲ್ಲಿ ಬರೆಯುವವನು ತನ್ನ ಸೋಲನ್ನು ನೆನೆದು ಬಿಕ್ಕುತ್ತಿದ್ದರಿಂದ ಅಂಕಿಗಳೆಲ್ಲ ಎಂಟರ ಹಾಗೆ ಕಾಣುತ್ತಿದ್ದವು.

ಎಲ್ಲರೂ ದೂರು ಹೊತ್ತು ಬಂದದ್ದು ಬೆರಿಲ್ ಬಳಿಗೆ. ಬೆರಿಲ್ ಈ ಅರ್ಹತಾ ಸುತ್ತನ್ನು ನಡೆಸುವ ಹೆಂಗಸು. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಪಟ್ಟಿ, ಬೆಳಿಗ್ಗೆಯಿಂದ ಮೂರು ಕಪ್ ಟೀ ಅವಳ ಎದುರಿಗೇ ತಣ್ಣಗಾಗಿದ್ದವು. ಮೂರನೆಯ ಆಟಕ್ಕೆ ಹೊರಟ ನಾರ್ಮನ್ನನನ್ನು ಅವಳು ಒಂದು ಕಂಬದ ಮರೆಗೆ ಎಳೆದಳು.

‘ನಾರ್ಮನ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಆಟ ಒಂಚೂರು ಸೋತ್ಬಿಡೋಕೆ ಆಗಲ್ವಾ?’

‘ಏನು?’

‘ಅಭ್ಯಾಸ ಇದೆಯಲ್ಲಪ್ಪಾ ನಿಂಗೆ! ಹೊಸದಾಗಿ ಕಲಿಯೋದೇನಿದೆ?’

‘ಬೆರಿಲ್, ನಾನು ಹತ್ತೊಂಬತ್ತು ವರ್ಷ ಗೆಲ್ಲೋಕೆ ಅಂತಾನೇ ಎಸೆದೆ, ಸೋತೆ. ಈಗ ಸೋಲೋಕೆ ಅಂತ ಎಸೆದ್ರೆ ಎಲ್ಲಿಗೆ ಹೋಗಿ ಬೀಳುತ್ತೋ ಯಾರಿಗ್ಗೊತ್ತು?’

ಬೆರಿಲ್ ಯೋಚಿಸಿದಳು. ಅದೂ ನಿಜವೇ ಎನಿಸಿ ಬಿಟ್ಟುಬಿಟ್ಟಳು.

ಮೂರನೆಯದೂ ಆಯಿತು, ನಾಲ್ಕನೆಯದೂ ಆಯಿತು. ಎದುರಾಳಿಗಳೇನೂ ಸಾಮಾನ್ಯರಲ್ಲ. ಆದರೆ ಪಕ್ಕದ ಬೋರ್ಡುಗಳ ಜಗಳ ಕೇಳಿ ಅವರ ಗುರಿ ತಪ್ಪುತ್ತಿತ್ತು. ಎಂಥ ಗದ್ದಲದಲ್ಲೂ ಕಲ್ಲಿನಂತೆ ನಿಂತು ಅಭ್ಯಾಸವಿದ್ದವನು ಇಡೀ ಸಭಾಂಗಣದಲ್ಲಿ ನಾರ್ಮನ್ ಒಬ್ಬನೇ. ಪ್ರತಿ ಸಲ ಗೆದ್ದಾಗಲೂ ಅವನು ಗ್ಲೆನಿಸ್ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ, ತುಟಿ ಬಿಗಿ ಹಿಡಿದು ಹೆಣೆಯುತ್ತಲೇ ಇದ್ದಳು. ಶನಿವಾರಗಳು ಕೈತಪ್ಪುತ್ತಿವೆ ಎಂಬ ಸಿಟ್ಟು ಎಂದುಕೊಂಡ. ಅವನಿಗೆ ನಿಜಕ್ಕೂ ಬೇಸರವಾಯಿತು. ಆದರೆ ಇನ್ನೊಂದೇ ಒಂದು ಆಟ, ಆಮೇಲೆ ವೇದಿಕೆ. ಸೋತರೆ ಡಾರ್ಟ್ಸ್ ಎಂಬುದೇ ಇಲ್ಲ. ಆ ಬೇಸರವನ್ನು ಅವನು ಆಮೇಲೆ ಪಡೋಣವೆಂದು ಬದಿಗಿಟ್ಟ.

ಉಳಿದ ಎಂಟು ಜನರ ನಾಲ್ಕು ಆಟಗಳನ್ನು, ಎಲ್ಲರೂ ನೋಡಲಿ ಎಂದು, ಒಂದೇ ಬೋರ್ಡಿನಲ್ಲಿ ಒಂದಾದ ಮೇಲೊಂದು ಆಡಿಸುವುದು ವಾಡಿಕೆ. ನಾರ್ಮನ್ನನದು ಮೂರನೆಯದು. ಎರಡನೆಯದರಲ್ಲಿ ಸೋತವನು ಬ್ಯಾರಿ ಆಗ್ಡನ್. ಅಂಗಿಯ ಬೆನ್ನ ಮೇಲೆ ‘ಸುಂಟರಗಾಳಿ’ ಎಂದು ಹೊಲಿಸಿಕೊಂಡಿದ್ದ ಈ ದಢೂತಿ ಮನುಷ್ಯ ವೇದಿಕೆಗೆ ಒಂದು ಡಾರ್ಟು ಇರುವಾಗ ಮುಗ್ಗರಿಸಿದ್ದ. ಆ ದುಃಖಕ್ಕೆ, ಮಧ್ಯಾಹ್ನವೇ ಕೊಂಡಿಟ್ಟಿದ್ದ ಮಾಂಸ ತುಂಬಿದ ಒಂದು ಪೈ ಬಿಚ್ಚಿಕೊಂಡು, ಎಡಗೈಯಲ್ಲಿ ಅದನ್ನು ತಿನ್ನುತ್ತ, ಬಲಗೈಯಲ್ಲಿ ಪೆನ್ನು ಹಿಡಿದು ಹಲಗೆಯ ಪಕ್ಕ ನಿಂತ. ಜಿಡ್ಡು ಮೊಣಕೈವರೆಗೆ ಇಳಿದಿತ್ತು.

ಎದುರಾಳಿ ಕ್ಯಾಲಮ್ ರಿಗ್ಬಿ ಇಪ್ಪತ್ತನಾಲ್ಕರ ಹುಡುಗ. ಅವನ ಬೆನ್ನ ಮೇಲೆ ಹೆಡೆ ಎತ್ತಿದ ಹಾವು.

‘ತಾತ, ಬೇಗ ಮುಗಿಸೋಣ. ನಿಂಗೆ ಮಾತ್ರೆ ಟೈಮ್ ಆಗಿರುತ್ತೆ,’ ಎಂದ ಕೈ ಕುಲುಕುತ್ತ.

‘ಮಾತ್ರೆ ಬೆಳಿಗ್ಗೇನೇ ತಗೊಂಡೆ ಮಗಾ. ನೀನು ಹಾಲು ಕುಡಿದ್ಯಾ?’

ಒಂದು ಆಟವೆಂದರೆ ಐನೂರ ಒಂದರಿಂದ ಸೊನ್ನೆಗೆ ಒಂಬತ್ತು ಓಟ, ಐದು ಗೆದ್ದವನಿಗೆ ಜಾಗ. ಹಾವು ಒಂದು ಗೆದ್ದರೆ ತಾತ ಒಂದು ಗೆಲ್ಲುತ್ತ ನಾಲ್ಕು-ನಾಲ್ಕಕ್ಕೆ ಬಂತು. ಕೊನೆಯದರಲ್ಲಿ ಕ್ಯಾಲಮ್‌ಗೆ ಉಳಿದದ್ದು ಮೂವತ್ತೆರಡು. ನಾರ್ಮನ್‌ಗೆ ನೂರ ನಲವತ್ತೊಂದು.

ಸರಿಯಾಗಿ ಆ ಕ್ಷಣದಲ್ಲಿ ಆಚೆ ತಿಂಡಿ ಕೌಂಟರಿನವಳು, ‘ಪೈ ಬಂತು!’ ಎಂದು ಕೂಗಿದಳು.

ಮಧ್ಯಾಹ್ನ ಎರಡಕ್ಕೆ ಖಾಲಿಯಾಗಿದ್ದ ಪೈ ಅದು. ವಿಗನ್ ಜನ ತಮ್ಮ ಮನೆಗೆ ಬೆಂಕಿ ಬಿದ್ದರೂ ಪೈ ಮುಗಿಸಿ ಹೊರಗೆ ಬರುವವರು. ಇಡೀ ಸಭಾಂಗಣ ಒಟ್ಟಿಗೆ ಕತ್ತು ತಿರುಗಿಸಿತು. ಕ್ಯಾಲಮ್ ತಿರುಗಿದ. ಬೆರಿಲ್ ಎದ್ದೇ ಹೋದಳು. ಬಾಯಿ ತುಂಬ ಪೈ ಇದ್ದ ಬ್ಯಾರಿ ಕೂಡ, ಹೊಸದು ಬಿಸಿ ಇರಬಹುದೇ ಎಂದು ಆ ಕಡೆ ಇಣುಕಿದ. ನಾರ್ಮನ್ ಎಸೆದ. ಟ್ರಿಬಲ್ ಇಪ್ಪತ್ತು ಅಂದರೆ ಅರವತ್ತು, ಆಮೇಲೆ ಬರಿಯ ಇಪ್ಪತ್ತು, ಆಮೇಲೆ ಜಾರಿ ಒಂದು. ಎಂಬತ್ತೊಂದು. ಡಾರ್ಟುಗಳನ್ನು ಕಿತ್ತುಕೊಂಡು ಹಿಂದೆ ಬಂದ. ಬ್ಯಾರಿ ಬೆಚ್ಚಿಬಿದ್ದು, ಕಂಡಷ್ಟನ್ನು ನೆನಪಿಗೆ ತಂದುಕೊಂಡು ‘ನೂರ ಒಂದು’ ಎಂದು ಬರೆದ. ಕೆಳಗೆ, ಉಳಿದದ್ದು ನಲವತ್ತು.

ಕ್ಯಾಲಮ್ ಮೂವತ್ತೆರಡಕ್ಕೆ ಮೂರು ಎಸೆದ. ಮೂರೂ ತಂತಿಯ ಹೊರಗೆ ಹೋದವು. ಈಗ ಜನರೆಲ್ಲ ಪೈ ಸಮೇತ ತಿರುಗಿ ಬಂದು ಉಸಿರು ಬಿಗಿಹಿಡಿದು ನಿಂತರು.

ನಾರ್ಮನ್ ಗೆರೆಯ ಮೇಲೆ ಕಾಲಿಟ್ಟು ಹಲಗೆ ನೋಡಿದ. ನಲವತ್ತು. ಡಬಲ್ ಇಪ್ಪತ್ತಕ್ಕೆ ಒಂದು ಡಾರ್ಟು ಬಿದ್ದರೆ ಸಾಕು, ಅದಕ್ಕೆ ಮೂರು ಅವಕಾಶ. ಆದರೆ ಉಳಿದಿರುವುದು ಅರವತ್ತು. ಅರವತ್ತಾದರೆ ಮೊದಲು ಒಂದು ಇಪ್ಪತ್ತು ಕಳೆಯಬೇಕು, ಆಮೇಲೆ ಎರಡೇ ಅವಕಾಶ. ತಪ್ಪನ್ನು ಮುಂದಿನ ಡಾರ್ಟು ಎಸೆಯುವ ಮೊದಲು ಹೇಳಬೇಕು. ಎಸೆದರೆ ಹಲಗೆಯ ಮೇಲೆ ಇದ್ದದ್ದೇ ಸರಿ, ಅದು ನಿಯಮ. ಎಸೆ, ಎಂದಿತು ಮನಸ್ಸು. ಕೈ ಎತ್ತಿದ. ಕೈ ಎತ್ತಿಯೇ ಇದ್ದ. ನಾರ್ಮನ್ನನನ್ನು ಧರ್ಮರಾಯನೆಂದು ಯಾರೂ ತಿಳಿಯಬೇಕಾಗಿಲ್ಲ. ಅವನಿಗೂ ವೇದಿಕೆ ಬೇಕಿತ್ತು, ಬಾಯಲ್ಲಿ ನೀರು ಬರುವಷ್ಟು ಬೇಕಿತ್ತು. ಆದರೆ ಆ ನಲವತ್ತು ಅವನ ಕಣ್ಣಿಗೆ ಕಾರ್ಪೆಟ್ಟಿನ ಸುಕ್ಕಿನ ಹಾಗೆ ಉಬ್ಬಿ ಉಬ್ಬಿ ಕಾಣುತ್ತಿತ್ತು.

‘ಬ್ಯಾರಿ, ಅದು ತಪ್ಪು ಮಾರಾಯ,’ ಎಂದ ಅಳು ಬಂದವನಂತೆ. ‘ನಂಗೆ ಅರವತ್ತು ಉಳಿದಿದೆ.’

‘ನಾನು ಬರೆದಿದ್ದು ಬರೆದೆ,’ ಎಂದ ಬ್ಯಾರಿ. ‘ಇವತ್ತು ಒಂದು ಸಲ ಸೋತಿದೀನಿ, ಅದು ಸಾಲ್ದಾ? ಈಗ ಲೆಕ್ಕದಲ್ಲೂ ಸೋಲಬೇಕಾ?’

‘ತಡಿ, ತಡಿ!’ ಎಂದು ನುಗ್ಗಿದವನು ಕ್ಯಾಲಮ್. ಅರವತ್ತಾದರೆ ಅವನಿಗೇ ಲಾಭ. ಆದರೆ ಈ ಕಾಲದಲ್ಲಿ ತನಗೇ ನಷ್ಟವಾಗುವ ಮಾತನ್ನು ಯಾರಾದರೂ ಸುಮ್ಮನೆ ಆಡುತ್ತಾರೆಂದು ಅವನು ನಂಬುವುದು ಹೇಗೆ? ‘ಇದು ಹಳೇ ಕುತಂತ್ರ. ನನ್ನ ಮನಸ್ಸು ಕೆಡಿಸೋಕೆ ನೋಡ್ತಿದಾನೆ! ನಾನು ಬಿಡಲ್ಲ. ತಾತನಿಗೆ ನಲವತ್ತೇ ಇರೋದು.’

‘ಅರವತ್ತು ಕಣೋ!’

‘ನಲವತ್ತು! ನಲವತ್ತಕ್ಕೆ ಒಂದೂ ಕಮ್ಮಿ ಇಲ್ಲ, ಒಂದೂ ಜಾಸ್ತಿ ಇಲ್ಲ!’

ಸೀಟಿ ಊದುತ್ತ ಬೆರಿಲ್ ಬಂದಳು. ಇಪ್ಪತ್ತು ವರ್ಷ ಅವಳು ಎಂಥೆಂಥ ಜಗಳ ಬಿಡಿಸಿದ್ದಳೋ. ಆದರೆ ತನಗೆ ಅನ್ಯಾಯವಾಗಲಿ ಎಂದು ಇಬ್ಬರೂ ಆಟಗಾರರು ಹೊಡೆದಾಡುವುದನ್ನು ಇದೇ ಮೊದಲು ನೋಡಿದ್ದು. ನಿಯಮದ ಪುಸ್ತಕ ತಿರುವಿದಳು. ಅದರಲ್ಲಿ ಇಂಥ ಹುಚ್ಚರಿಗೆ ಜಾಗ ಇರಲಿಲ್ಲ.

‘ಅವನು ಎಸೆದಿದ್ದನ್ನ ಯಾರು ನೋಡಿದ್ರಿ?’ ಎಂದು ಕೇಳಿದಳು.

ಇನ್ನೂರು ಜನ ತಮ್ಮ ತಮ್ಮ ಪೈ ನೋಡಿಕೊಂಡರು.

‘ನಾನು ನೋಡಿದೆ.’

ಗ್ಲೆನಿಸ್ ಎದ್ದು ನಿಂತಿದ್ದಳು. ಹೆಣಿಗೆ ನೆಲದ ಮೇಲೆ ಬಿದ್ದಿತ್ತು.

‘ಮೊದಲನೇದು ಟ್ರಿಬಲ್ ಇಪ್ಪತ್ತು, ಬಲಗಡೆ ತಂತಿಗೆ ಅಂಟ್ಕೊಂಡು. ಎರಡನೇದು ಡಬಲ್ ಇಪ್ಪತ್ತು. ಮೂರನೇದು ಒಂದು, ಯಾವತ್ತಿನ ಹಾಗೆ ಮಣಿಕಟ್ಟು ತಿರುಗಿಸಿದ. ಒಟ್ಟು ನೂರ ಒಂದು. ನಲವತ್ತೇ ಸರಿ.’

ನಾರ್ಮನ್ ಬಾಯಿ ಬಿಟ್ಟುಕೊಂಡು ನೋಡಿದ. ಮೊದಲನೆಯದು ನಿಜ, ತಂತಿ ಸಮೇತ ನಿಜ. ಮೂರನೆಯದೂ ನಿಜ, ಅವನ ಮಣಿಕಟ್ಟು ತಿರುಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ನಡುವಿನದೊಂದೇ ಸುಳ್ಳು, ಲೆಕ್ಕಕ್ಕೆ ಸರಿಯಾಗಿ ಕೂರುವಂತೆ ಕತ್ತರಿಸಿ ಇಟ್ಟ ಸುಳ್ಳು. ಆಟದ ತಲೆಬುಡ ತಿಳಿಯದವಳು ಎರಡು ಉಸಿರಿನಲ್ಲಿ ಕಟ್ಟುವ ಸುಳ್ಳೇ ಅದು? ಹತ್ತೊಂಬತ್ತು ವರ್ಷ ಈ ಹೆಂಗಸು ಒಂದು ಡಾರ್ಟನ್ನೂ ಬಿಡದೆ ಎಣಿಸಿದ್ದಾಳೆ. ಬೆಳಿಗ್ಗೆಯಿಂದ ತುಟಿ ಬಿಗಿಹಿಡಿದದ್ದು ಸಿಟ್ಟಿಗಲ್ಲ. ಅವಳಿಗೆ ಅವನು ಗೆಲ್ಲಬೇಕಿತ್ತು.

‘ಗ್ಲೆನಿಸ್,’ ಎಂದ ಮೆಲ್ಲಗೆ, ‘ಎರಡನೇದು ಬರೀ ಇಪ್ಪತ್ತು ಕಣೇ.’

‘ಗೊತ್ತು ಕಣೋ, ಮುಟ್ಟಾಳ!’ ಎಂದು ಅವಳು ಸಭಾಂಗಣವೆಲ್ಲ ಕೇಳುವಂತೆ ಕಿರುಚಿದಳು. ‘ಗೊತ್ತು! ಎಸಿ ಸುಮ್ನೆ!’

ಬೆರಿಲ್ ಸೀಟಿಯನ್ನು ಕತ್ತಿನಿಂದ ತೆಗೆದು ಮೇಜಿನ ಮೇಲಿಟ್ಟಳು. ‘ಅರವತ್ತು,’ ಎಂದಳು. ‘ಬ್ಯಾರಿ, ಕೈ ಒರೆಸ್ಕೊಂಡು ತಿದ್ದು.’

ನಾರ್ಮನ್ ಗೆರೆಗೆ ಬಂದ. ಈಗ ಬೇಕಾದದ್ದು ಮೊದಲು ಬರಿಯ ಇಪ್ಪತ್ತು. ಇಡೀ ಬೋರ್ಡಿನಲ್ಲಿ ಅಂಗೈಯಗಲ ಇರುವ ಜಾಗ, ಕಣ್ಣು ಮುಚ್ಚಿ ಎಸೆದರೂ ಬೀಳುವಂಥದ್ದು. ಎಸೆದ. ಡಾರ್ಟು ಮೇಲಕ್ಕೆ ಹಾರಿ ಹೋಗಿ ಡಬಲ್ ಇಪ್ಪತ್ತರ ನಟ್ಟನಡುವೆ ಕುಳಿತುಕೊಂಡಿತು.

ಇನ್ನೂರು ಜನ ಒಟ್ಟಿಗೆ ಹಾ ಎಂದು ನರಳಿದರು. ಹಲಗೆಯ ಮೇಲೆ ಆ ಹಾಳು ನಲವತ್ತು ಇದ್ದಿದ್ದರೆ ಆಟ ಅಲ್ಲಿಗೆ ಮುಗಿದು ನಾರ್ಮನ್ ವೇದಿಕೆಗೆ ಹೋಗಿರುತ್ತಿದ್ದ. ಜನ್ಮದಲ್ಲೇ ಅಷ್ಟು ಚೆಂದದ ಡಾರ್ಟು ಅವನು ಎಸೆದಿರಲಿಲ್ಲ. ಬ್ಯಾರಿ ಪೈ ಕೆಳಗಿಟ್ಟ. ಈಗ ಉಳಿದದ್ದು ಇಪ್ಪತ್ತು, ಅದಕ್ಕೆ ಡಬಲ್ ಹತ್ತು ಬೇಕು. ಎರಡನೆಯ ಡಾರ್ಟು ತಂತಿಯ ಹೊರಗೆ ಬಿತ್ತು. ಮೂರನೆಯದು ತಂತಿಯ ಒಳಗೆ ಬಿತ್ತು. ಕ್ಯಾಲಮ್ ಬಂದು ಒಂದೇ ಡಾರ್ಟಿನಲ್ಲಿ ಮೂವತ್ತೆರಡು ಮುಗಿಸಿದ.

ಹಾರಿ ಕುಣಿಯಬೇಕಾದ ಹುಡುಗ ಕುಣಿಯಲಿಲ್ಲ. ಕೈ ಕುಲುಕಲು ಬಂದು, ‘ತಾತ, ನಿಜವಾಗ್ಲೂ ಅರವತ್ತೇ ಇತ್ತಾ?’ ಎಂದು ಕೇಳಿದ.

‘ಇತ್ತು ಮಗಾ.’

‘ನಾನಾಗಿದ್ರೆ ಬಾಯಿ ಬಿಡ್ತಿರ್ಲಿಲ್ಲ.’

‘ಬಿಡದೆ ಇದ್ರೆ ನಂಗೆ ನಿದ್ದೆ ಬರ್ತಿರ್ಲಿಲ್ಲ. ಬಿಟ್ಟಿದ್ದಕ್ಕೂ ಇವತ್ತು ಬರಲ್ಲ ಬಿಡು,’ ಎಂದ ನಾರ್ಮನ್.

ನಾಲ್ಕನೆಯ ಆಟ ಬಾಕಿ ಇತ್ತು. ಬ್ಯಾರಿ ತಲೆ ತಗ್ಗಿಸಿಕೊಂಡು ಬಂದು ಜಿಡ್ಡು ಮೆತ್ತಿದ ಪೆನ್ನನ್ನು ಮುಂದೆ ಚಾಚಿದ. ನಾರ್ಮನ್ ಕೈ ನೀಡಿದ. ಅಷ್ಟರಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಬಂದ ಗ್ಲೆನಿಸ್ ಪೆನ್ನನ್ನು ಕಿತ್ತುಕೊಂಡು ತನ್ನ ಲಂಗಕ್ಕೆ ಒರೆಸಿದಳು.

‘ನೀನು ಹೋಗಿ ಕೂತ್ಕೋ. ಫ್ಲಾಸ್ಕಲ್ಲಿ ಟೀ ಇದೆ.’

‘ಗ್ಲೆನಿಸ್,’ ಎಂದಳು ಬೆರಿಲ್, ‘ಸೋತವರೇ ಬರೀಬೇಕು ಅಂತ ನಿಯಮ ಇದೆಯಮ್ಮ.’

‘ಇನ್ನೂರು ಜನರ ಮುಂದೆ ಸುಳ್ಳು ಹೇಳಿ, ಕಟ್ಕೊಂಡ ಗಂಡನ ಕೈಲೇ ಸಿಕ್ಕಿಬಿದ್ದಿದೀನಿ. ಇವತ್ತು ಈ ಹಾಲ್‌ನಲ್ಲಿ ನನಗಿಂತ ಜಾಸ್ತಿ ಸೋತೋರು ಯಾರಿದಾರೆ, ಹೇಳು?’

ಬೆರಿಲ್ ಮುಂದಿನ ಇಬ್ಬರನ್ನು ಗೆರೆಗೆ ಕರೆದಳು. ಆಟ ಶುರುವಾಯಿತು. ನೂರ ಮೂವತ್ತನಾಲ್ಕು ಬಿತ್ತು. ಡಾರ್ಟುಗಳ ಬಾಲ ಇನ್ನೂ ಅದುರುತ್ತಿರುವಾಗಲೇ ಗ್ಲೆನಿಸ್ ಮುನ್ನೂರ ಅರವತ್ತೇಳು ಎಂದು ಬರೆದು, ಅಲ್ಲಾಡದೆ ನಿಂತಳು. ಬೆರಿಲ್ ಕಣ್ಣಲ್ಲಿ ನೀರೇ ಬಂತು. ಬೆಳಿಗ್ಗೆಯಿಂದ ಅವಳು ನೋಡಿದ ಮೊದಲ ಸರಿಯಾದ ಲೆಕ್ಕ ಅದು.

ಕುರ್ಚಿಯಲ್ಲಿ ಕುಳಿತ ನಾರ್ಮನ್ ಜೇಬಿನಿಂದ ಡಾರ್ಟುಗಳನ್ನು ತೆಗೆದು ಬೆರಿಲ್ ಮುಂದೆ ಇಟ್ಟ. ‘ಯಾರಿಗಾದ್ರೂ ಕೊಟ್ಬಿಡು. ಮಾತು ಕೊಟ್ಟಿದೀನಿ,’ ಎಂದ. ‘ಇದರಲ್ಲಿ ಹೆಸರು ಬರಿ,’ ಎನ್ನುತ್ತ ಬೆರಿಲ್ ಅವನ ಮುಂದೆ ಒಂದು ಹಾಳೆ ಸರಿಸಿದಳು. ಮೂರು ವಾರಕ್ಕೆ ಬಾರ್ನ್‌ಸ್ಲಿಯಲ್ಲಿ ಇನ್ನೊಂದು ಅರ್ಹತಾ ಸುತ್ತು ಇತ್ತು. ನಾರ್ಮನ್ ಬೇಡವೆಂದು ತಲೆ ಅಲ್ಲಾಡಿಸಿದ.

‘ಎರಡು ಹೆಸರು ಬರಿ,’ ಎಂದು ಬೋರ್ಡಿನ ಕಡೆಯಿಂದ ಧ್ವನಿ ಬಂತು. ಗ್ಲೆನಿಸ್ ಹಿಂದೆ ತಿರುಗಿರಲಿಲ್ಲ. ಬರೆಯುವವರು ತಿರುಗಬಾರದು. ‘ಇನ್ಮೇಲೆ ನಾನೂ ಆಡ್ತೀನಿ. ಮೊದಲನೇ ಆಟದಲ್ಲೇ ಸೋತು ಪೆನ್ನು ಹಿಡೀತೀನಿ. ಅವನು ಗೆಲ್ಲೋ ದಿನ ಸರಿಯಾಗಿ ಕಳೆಯೋಕೆ ಬರೋರು ಒಬ್ರು ಬೇಕಲ್ಲ. ಶನಿವಾರ ನಂದೇ ಅಂತ ಅವನೇ ಹೇಳಿದಾನೆ, ನಾನು ಹೇಗೆ ಬೇಕೋ ಹಾಗೆ ಹಾಳು ಮಾಡ್ಕೋತೀನಿ. ಎಂಬತ್ತೈದು. ಉಳಿದಿದ್ದು ಇನ್ನೂರ ಎಂಬತ್ತೆರಡು.’

ಆಡುತ್ತಿದ್ದವನು ಶ್ ಎಂದ. ನಾರ್ಮನ್ ಡಾರ್ಟುಗಳನ್ನು ಮೆಲ್ಲಗೆ ಮತ್ತೆ ಜೇಬಿಗೆ ಹಾಕಿಕೊಂಡು ಹಾಳೆಯನ್ನು ಹತ್ತಿರಕ್ಕೆ ಎಳೆದ. ಮೊದಲು ಸೋಲಬೇಕಾದವಳು ಅವಳಾದ್ದರಿಂದ ಅವಳ ಹೆಸರನ್ನೇ ಮೊದಲು ಬರೆದ.